ಗಡಿಯಾರ ಕದ್ದವನ ಗೋಧಿಯ ಹೊಲ

ಸೆರೆಯಲ್ಲಿರುವವರನ್ನು ಸಂದರ್ಶಿಸುವುದು ದಯಾಕಾರ್ಯಗಳಲ್ಲಿ ಒಂದೆಂದು ನಾವೆಲ್ಲರೂ ಬಾಲ್ಯದಲ್ಲಿಯೇ ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದವರು. ಕ್ರಿಸ್ಮಸ್ ಬಂತೆಂದರೆ ಕೇಕು, ಬಾಳೆಹಣ್ಣು, ಕಂಬಳಿಗಳನ್ನು ಹೊತ್ತು ಕಾರಾಗೃಹದ ಬಾಗಿಲಿಗೆ ಹೋಗುವುದನ್ನೂ ನಾವು ತಪ್ಪಿಸುವುದಿಲ್ಲ. ಆದರೆ ಅದೇ ಬಾಗಿಲಿನಿಂದ ಶಿಕ್ಷೆ ಮುಗಿಸಿ ಹೊರಬಂದವನೊಬ್ಬ ನಮ್ಮ ಧರ್ಮಕೇಂದ್ರದ ಸಮಿತಿಯ ಮುಂದೆ ನಿಂತು, ಸಮಾಧಿಭೂಮಿಯ ಕಾವಲಿನ ಕೆಲಸವನ್ನಾದರೂ ಕೊಡಿ ಎಂದು ಕೇಳಿದಾಗ ಏನಾಯಿತು? 'ಕದ್ದು ಒಳಗೆ ಹೋದವನಲ್ಲವೇ' ಎಂದು ಒಬ್ಬರು ಪಿಸುಗುಟ್ಟಿದರು. ಉಳಿದ ನಾವು ಮೌನವಾಗಿದ್ದೆವು. ಅರ್ಜಿಯನ್ನು ಮುಂದಿನ ಸಭೆಗೆ ಇಡಲಾಯಿತು.

ಆ ಸಂಜೆಯಿಂದ ನಮ್ಮ ಮನಸ್ಸಿಗೆ ಪದೇ ಪದೇ ಬರುತ್ತಿರುವವನು ಜೇಮ್ಸ್ ರೂಸ್. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಬೇಸಾಯಗಾರ. 1782ರಲ್ಲಿ ಒಂದು ಮನೆಗೆ ನುಗ್ಗಿ ಎರಡು ಬೆಳ್ಳಿಯ ಗಡಿಯಾರಗಳನ್ನು ಕದ್ದನೆಂದು ಬಾಡ್ಮಿನ್ ನಗರದ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. ಆಗಿನ ಇಂಗ್ಲೆಂಡಿನಲ್ಲಿ ನೇಣಿಗೆ ಅರ್ಹವಾದ ಅಪರಾಧಗಳ ಸಂಖ್ಯೆ ಇನ್ನೂರರ ಸುಮಾರಿಗೆ ಏರಿತ್ತು. ಶಿಕ್ಷೆಯನ್ನು ಏಳು ವರ್ಷಗಳ ಗಡಿಪಾರಿಗೆ ಇಳಿಸಲಾಯಿತಾದರೂ ಅವನನ್ನು ಕಳುಹಿಸಲು ಸ್ಥಳವೇ ಇರಲಿಲ್ಲ. ಅಮೆರಿಕದ ವಸಾಹತುಗಳು ಕೈಬಿಟ್ಟು ಹೋಗಿದ್ದವು. ಹೀಗಾಗಿ ಪ್ಲಿಮತ್ ಬಂದರಿನಲ್ಲಿ ಲಂಗರು ಹಾಕಿದ್ದ ಹಳೆಯ ಹಡಗೊಂದರಲ್ಲಿ ಅವನು ವರ್ಷಗಟ್ಟಲೆ ಕೊಳೆಯಬೇಕಾಯಿತು. 1787ರ ಮೇ 13ರಂದು ಆಸ್ಟ್ರೇಲಿಯಕ್ಕೆ ಹೊರಟ ಹನ್ನೊಂದು ಹಡಗುಗಳ ಮೊದಲ ತಂಡದಲ್ಲಿ 'ಸ್ಕಾರ್ಬರೋ' ಎಂಬ ಹಡಗು ಅವನ ಪಾಲಿಗೆ ಬಂದಿತು.

1788ರ ಜನವರಿಯಲ್ಲಿ ಸಿಡ್ನಿ ತೀರದಲ್ಲಿ ಇಳಿದ ಆ ಜನರಿಗೆ ಬೇಗನೆ ಹಸಿವಿನ ದರ್ಶನವಾಯಿತು. ಮಣ್ಣು ಅಪರಿಚಿತ, ಋತುಗಳು ತಲೆಕೆಳಗು, ಕೃಷಿ ಬಲ್ಲವರು ಬೆರಳೆಣಿಕೆಯಷ್ಟು. 1789ರ ಮಾರ್ಚ್ ತಿಂಗಳಲ್ಲಿ ಸರ್ಕಾರಿ ಉಗ್ರಾಣದಿಂದ ಕದ್ದುದಕ್ಕಾಗಿ ಆರು ಮಂದಿ ನೇಣಿಗೇರಿದರು. ಅವರು ಕೈದಿಗಳಲ್ಲ, ಕಾವಲಿನ ಸೈನಿಕರು! ಕಾವಲುಗಾರನಿಗೂ ಕಳ್ಳನಿಗೂ ನಡುವೆ ನಾವು ಎಳೆಯುವ ಗೆರೆ ಎಷ್ಟು ತೆಳುವಾದುದೆಂಬುದಕ್ಕೆ ಇದೊಂದು ಸಾಕು.

ಅದೇ ವರ್ಷ ರೂಸ್ ತನ್ನ ಏಳು ವರ್ಷಗಳು ಮುಗಿದವೆಂದು ಹೇಳಿ, ಬೇಸಾಯ ಬಲ್ಲೆ, ಭೂಮಿ ಕೊಡಿ ಎಂದು ಕೇಳಿಕೊಂಡನು. ಶಿಕ್ಷೆಯ ಅವಧಿಯನ್ನು ತಿಳಿಸುವ ದಾಖಲೆಗಳು ಇಂಗ್ಲೆಂಡಿನಿಂದ ಹಡಗಿನೊಡನೆ ಬಂದಿರಲಿಲ್ಲ. ಅವನ ಮಾತಿನ ಹೊರತು ಬೇರೆ ಆಧಾರವಿರಲಿಲ್ಲ. ಆದರೂ ಗವರ್ನರ್ ಆರ್ಥರ್ ಫಿಲಿಪ್ 1789ರ ನವೆಂಬರಿನಲ್ಲಿ ಪ್ಯಾರಮಟ್ಟದ ಬಳಿ ಕಾಡು ಕಡಿದ ಒಂದೂವರೆ ಎಕರೆ ನೆಲ, ಒಂದು ಗುಡಿಸಲು, ಸಲಕರಣೆ, ಬೀಜ, ಒಂದಿಷ್ಟು ಹಂದಿ ಕೋಳಿಗಳನ್ನು ಕೊಟ್ಟನು. ಪಟ್ಟಾವನ್ನು ಮಾತ್ರ ತಡೆಹಿಡಿದನು. ಪರೀಕ್ಷೆಯಲ್ಲಿ ಗೆದ್ದರೆ ಮೂವತ್ತು ಎಕರೆ ನಿನ್ನದು ಎಂದನು.

ಫಿಲಿಪನನ್ನು ನಾವು ಪುಣ್ಯಪುರುಷನೆಂದು ಹೊಗಳಲಾರೆವು. ಅವನಿಗೆ ಬೇಕಾಗಿದ್ದುದು ಧಾನ್ಯ. ಅವನು ದಾನ ಮಾಡಿದ ಭೂಮಿಯೂ ಅವನದಾಗಿರಲಿಲ್ಲ. ಅದು ದಾರುಗ್ ಜನರ ಬುರ್ರಮಟ್ಟಗಲ್ ಕುಲದ ನೆಲ, ಅವರನ್ನು ಯಾರೂ ಕೇಳಲಿಲ್ಲ. ಎರಡು ಗಡಿಯಾರಗಳ ಕಳವಿಗೆ ನೇಣು ತೋರಿಸಿದ ಸಾಮ್ರಾಜ್ಯ ಒಂದು ಖಂಡವನ್ನೇ ಎತ್ತಿಕೊಂಡಿತಲ್ಲ ಎಂಬ ಯೋಚನೆಯನ್ನು ಅದುಮಿ ಈ ಕಥೆಯನ್ನು ಹೇಳಲಾಗದು.

ಆದರೆ ರೂಸನ ಬೇವಸಾಯವನ್ನು ನೋಡಬೇಕು. ಕಡಿದ ಮರಗಳನ್ನು ಸುಟ್ಟು, ಬೂದಿಯನ್ನು ಮಣ್ಣಿಗೆ ಬೆರೆಸಿ, ದಿನಕ್ಕೆ ಅಷ್ಟಿಷ್ಟೇ ಎಂದು ಗುದ್ದಲಿಯಿಂದ ಆಳವಾಗಿ ಅಗೆದನು. ಹೆಂಟೆಯೊಡೆದು ಹುಲ್ಲುಕಳೆಗಳನ್ನು ಒಳಗೆ ಹೂತು, ನೆಲವನ್ನು ಗಾಳಿಬಿಸಿಲಿಗೆ ಬಿಟ್ಟು, ಬಿತ್ತುವ ಮುನ್ನ ಮತ್ತೊಮ್ಮೆ ತಿರುವಿದನು. ಸರ್ಕಾರಿ ಹೊಲದಲ್ಲಿ ನೆಲದ ಮೇಲ್ಮೈಯನ್ನಷ್ಟೇ ಕೆರೆಯುತ್ತಾರೆಂಬ ಅಸಮಾಧಾನವನ್ನೂ ಅವನು ವಾಟ್ಕಿನ್ ಟೆಂಚ್ ಎಂಬ ಸೇನಾಧಿಕಾರಿಯ ಮುಂದೆ ತೋಡಿಕೊಂಡನು. ಕಸುಬುದಾರನ ಈ ಅಭಿಮಾನ ನಮಗೆ ಬಹಳ ಹಿಡಿಸುತ್ತದೆ. 1790ರಲ್ಲಿ ಅವನು ಎಲಿಜಬೆತ್ ಪೆರಿಯನ್ನು ಮದುವೆಯಾದನು. ಅವಳೂ ಕಳವಿಗಾಗಿ ಗಡಿಪಾರಾದವಳೇ. 1791ರ ಫೆಬ್ರವರಿಯಲ್ಲಿ, ಇನ್ನು ತನಗೆ ಸರ್ಕಾರದ ಪಡಿ ಬೇಡವೆಂದು ರೂಸ್ ತಿಳಿಸಿದನು. ಮಾತಿನಂತೆ ಮೂವತ್ತು ಎಕರೆಯ ಪಟ್ಟಾ ದೊರೆಯಿತು. ಆ ವಸಾಹತಿನ ಮೊತ್ತಮೊದಲ ಭೂದಾನ ಅದು.

ಇಲ್ಲಿಗೆ ನಿಲ್ಲಿಸಿದರೆ ಪ್ರಸಂಗಕ್ಕೆ ಒಳ್ಳೆಯ ದೃಷ್ಟಾಂತವಾದೀತು. ಬದುಕು ಹಾಗೆ ನಿಲ್ಲಲಿಲ್ಲ. 1793ರಲ್ಲಿ ಅವನು ಆ ಹೊಲವನ್ನು ನಲವತ್ತು ಪೌಂಡಿಗೆ ಒಬ್ಬ ವೈದ್ಯನಿಗೆ ಮಾರಿದನು. ಹಾಕ್ಸ್‌ಬರಿ ನದಿಯ ದಂಡೆಗೆ ಹೋದರೆ ಅಲ್ಲಿ ನೆರೆ, ಸಾಲ. ಕೆಲಕಾಲ ಹಡಗಿನಲ್ಲಿಯೂ ದುಡಿದನು. ಮುಪ್ಪಿನಲ್ಲಿ ಬೇರೊಬ್ಬರ ಜಮೀನಿನ ಮೇಲ್ವಿಚಾರಕನಾಗಿದ್ದನು. ನಾವು ಒಬ್ಬನನ್ನು ನಂಬುವಾಗ ಅವನು ಧನಿಕನಾಗಿ ನಮ್ಮ ನಂಬಿಕೆಗೆ ಕೀರ್ತಿ ತರಬೇಕೆಂದು ಒಳಗೊಳಗೇ ಬಯಸುತ್ತೇವೆ. ರೂಸ್ ಆ ಬಯಕೆಯನ್ನು ಪೂರೈಸಲಿಲ್ಲ. ಅವನು ಅರ್ಧ ಶತಮಾನ ದುಡಿದನು, ಅಷ್ಟೇ.

1836ರಲ್ಲಿ ಅವನು ಕಥೋಲಿಕ ಧರ್ಮಸಭೆಯನ್ನು ಸೇರಿದನು. ಮರುವರ್ಷ ತೀರಿಕೊಂಡು ಕ್ಯಾಂಬೆಲ್‌ಟೌನಿನ ಸಂತ ಯೊವಾನ್ನರ ದೇವಾಲಯದ ಸಮಾಧಿಭೂಮಿಯಲ್ಲಿ ಮಣ್ಣಾದನು. ಸಮಾಧಿಯ ಕಲ್ಲನ್ನು ಅವನೇ ಕೆತ್ತಿಟ್ಟಿದ್ದನೆಂದು ಹೇಳುತ್ತಾರೆ. ಅಕ್ಷರಗಳು ತಪ್ಪುತಪ್ಪಾಗಿವೆ. ಅದರಲ್ಲಿ ತನ್ನನ್ನು ಅಕ್ಕರೆಯಿಂದ ಬೆಳೆಸಿದ ತಾಯಿಯ ಸ್ಮರಣೆಯಿದೆ, ಈ ನಾಡಿನಲ್ಲಿ ಮೊದಲ ಕಾಳನ್ನು ಬಿತ್ತಿದವನು ತಾನೆಂಬ ಮಾತಿದೆ, ಪರಲೋಕದ ತಂದೆಯ ಬಳಿ ಇರುವ ಆಸೆಯಿದೆ. ಗಡಿಯಾರಗಳ ಸುದ್ದಿ ಇಲ್ಲ.

ನಮ್ಮ ಸಮಿತಿಯ ಸಭೆ ಬರುವ ಭಾನುವಾರ ಎರಡನೆಯ ಪೂಜೆಯ ಬಳಿಕ ಸೇರಲಿದೆ. ಆ ಮನುಷ್ಯ ಒಂದೂವರೆ ಎಕರೆಯನ್ನೇನೂ ಕೇಳಿಲ್ಲ. ಒಂದು ಗೇಟಿನ ಬೀಗದಕೈ ಕೇಳಿದ್ದಾನೆ. ಈ ಸಲ ನಾವು ಮೌನವಾಗಿರುವುದಿಲ್ಲ.