ಟಾರ್ಪಾಲು ತೂಕ ಹಾಕಿಸಿ ತಗೊಳ್ಳಿ

ಹೋದ ಸಲ 250 ಜಿಎಸ್‌ಎಂ ಅಂತ ಹೇಳಿ ಅಂಗಡಿಯವನು ಕೊಟ್ಟ ಟಾರ್ಪಾಲು ರಾಗಿ ಒಕ್ಕಣೆ ಮುಗಿಯೋ ಹೊತ್ತಿಗೆ ಜರಡಿ ಆಗಿತ್ತು. ಆಮೇಲೆ ತಕ್ಕಡಿಗೆ ಹಾಕಿದೆ, ಬರೀ 6 ಕೆಜಿ!

ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರಿನ ತೂಕ, ಗ್ರಾಂ ಲೆಕ್ಕದಲ್ಲಿ. 18ಕ್ಕೆ 24 ಅಡಿ ಅಂದ್ರೆ ಸುಮಾರು 40 ಚದರ ಮೀಟರ್. 250 ನಿಜ ಆಗಿದ್ರೆ 10 ಕೆಜಿ ತೂಗಬೇಕಿತ್ತು. ನನಗೆ ಸಿಕ್ಕಿದ್ದು 150ರ ಮಾಲು, ಕೊಟ್ಟ ದುಡ್ಡು 250ರದ್ದು.

ಮಳೆಕೋಟು, ಬ್ಯಾಗಿನ ಮೇಲೆ ಬರೆಯೋ ಡೆನಿಯರ್ ಬೇರೆ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ ಅದು. ನೂಲು ದಪ್ಪ ಇದ್ದು ನೇಯ್ಗೆ ಸಡಿಲ ಇದ್ರೆ ಏನು ಬಂತು?

ಬಿಸಿಲು ತಡೆಯುತ್ತಾ ಅನ್ನೋದು ತೂಕದಲ್ಲಿ ಗೊತ್ತಾಗಲ್ಲ, ಅದನ್ನ ಬೇರೆ ಕೇಳಿ. ಅಂಗಡೀಲಿ ತಕ್ಕಡಿ ಇಲ್ಲ ಅಂದ್ರೆ ಪಕ್ಕದ ಗೊಬ್ಬರದಂಗಡಿಗೆ ಹೊತ್ಕೊಂಡು ಹೋಗಿ, ನಾಚ್ಕೋಬೇಡಿ.