ಅರಣ್ಯ ಹಕ್ಕುಪತ್ರದಲ್ಲಿ ಅವಳ ಹೆಸರೆಲ್ಲಿ?

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಗುಡ್ಡಗಳನ್ನೊಳಗೊಂಡ ಸುಮಾರು 135 ಚದರ ಕಿ.ಮೀ. ಪ್ರದೇಶ 2011ರಲ್ಲಿ ವನ್ಯಜೀವಿ ಅಭಯಾರಣ್ಯವಾಯಿತು. ತೊಗರಿಯ ಬಯಲಿನ ಅಂಚಿನಲ್ಲಿ ಉಳಿದಿರುವ ಈ ಒಣ ಕಾಡಿಗೆ ಕಾನೂನಿನ ರಕ್ಷೆ ದೊರೆತದ್ದು ಸ್ವಾಗತಾರ್ಹವೇ. ಆದರೆ ಆ ಕಾಡಿನ ಒಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ. ಕಟ್ಟಿಗೆ, ಬೀಡಿ ಎಲೆ, ಸೀತಾಫಲ, ಮೇವು, ನೀರು ಎಂದು ಕಾಡಿನೊಡನೆ ನಿತ್ಯದ ವ್ಯವಹಾರವಿರುವುದು ಬಹುಮಟ್ಟಿಗೆ ಅಲ್ಲಿನ ಹೆಂಗಸರಿಗೆ. ಗಂಡಸರು ಹೈದರಾಬಾದಿಗೋ ಮುಂಬಯಿಗೋ ಗುಳೆ ಹೋದರೆ ಹೊಲದ ಹೊಣೆಯೂ ಅವರದೇ. ಕಾಡು ಮತ್ತು ನೆಲಕ್ಕೆ ಸಂಬಂಧಿಸಿದ ಕಾಗದಪತ್ರಗಳಲ್ಲಿ ಮಾತ್ರ ಅವರ ಹೆಸರು ಅಪರೂಪ.

2006ರ ಅರಣ್ಯ ಹಕ್ಕು ಕಾಯಿದೆಯು ಈ ಕೊರತೆಯನ್ನು ಕಂಡೇ ರೂಪುಗೊಂಡಿತು. ಅಭಯಾರಣ್ಯದ ಭೂಮಿಯೂ ಅದರ ವ್ಯಾಪ್ತಿಗೆ ಸೇರಿದೆ. ಸಾಗುವಳಿ ಭೂಮಿಯ ಹಕ್ಕು ವಿವಾಹಿತರಾದರೆ ಪತಿ ಪತ್ನಿ ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ನೋಂದಣಿಯಾಗತಕ್ಕದ್ದು, ಒಂಟಿ ವ್ಯಕ್ತಿ ನಡೆಸುವ ಕುಟುಂಬವಾದರೆ ಆ ವ್ಯಕ್ತಿಯ ಹೆಸರಿನಲ್ಲಿ ಆಗತಕ್ಕದ್ದು ಎಂದು 4ನೆಯ ಪ್ರಕರಣದ 4ನೆಯ ಉಪಪ್ರಕರಣ ವಿಧಿಸುತ್ತದೆ. ಇದು ಯಾರದೋ ಔದಾರ್ಯಕ್ಕೆ ಬಿಟ್ಟ ಮಾತಲ್ಲ. ಹಕ್ಕು ವಾರಸುದಾರರಿಗೆ ಸಲ್ಲುತ್ತದೆ, ಪರಭಾರೆ ಮಾಡುವಂತಿಲ್ಲ. ಹಾಗಾಗಿ ಕುಡಿತದ ಸಾಲಕ್ಕೋ ಬಡ್ಡಿಯ ಲೆಕ್ಕಕ್ಕೋ ಗಂಡನೊಬ್ಬನೇ ಕೂತು ಆ ನೆಲವನ್ನು ಬರೆದುಕೊಡಲಾರ. ವಿಧವೆಯರಿಗೂ ಗಂಡ ಬಿಟ್ಟುಹೋದವರಿಗೂ ಈ ಒಂದು ಸಾಲಿನ ಬೆಲೆ ಚೆನ್ನಾಗಿ ತಿಳಿದೀತು.

ನಿಯಮಗಳು ಇನ್ನೂ ಮುಂದೆ ಹೋಗಿವೆ. ಗ್ರಾಮಸಭೆ ಆರಿಸುವ ಹತ್ತರಿಂದ ಹದಿನೈದು ಸದಸ್ಯರ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕು. 2012ರ ತಿದ್ದುಪಡಿಯ ಪ್ರಕಾರ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಹಾಜರಾದವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಾಗಿರಬೇಕು. ಇಲ್ಲವಾದರೆ ಕೋರಂ ಇಲ್ಲ. ತಾಂಡಾದ ಪರಂಪರೆಯಲ್ಲಿ ನಾಯಕ, ಡಾವೋ, ಕಾರಭಾರಿ ಮೂವರೂ ಗಂಡಸರೇ. ಮರದ ಕೆಳಗೆ ಅವರು ಕೂತು ತೀರ್ಮಾನಿಸಿದ್ದೇ ಊರಿನ ತೀರ್ಮಾನ ಎನ್ನುವ ರೂಢಿಯ ನಡುವೆ ಈ ನಿಯಮ ಬಂದು ಕೂತಿದೆ. ಸಭೆ ಮುಗಿದ ಮೇಲೆ ಮನೆಮನೆಗೆ ಪುಸ್ತಕ ಕಳಿಸಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರೆ ಅದು ಹಾಜರಿಯಾಗದು.

ಕುಂಚಾವರಂನಲ್ಲಿ ಇದಕ್ಕೂ ದೊಡ್ಡ ತೊಡಕೊಂದಿದೆ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿಗೆ ಸೇರಿದವರು, ಕೆಲವೇ ಮೈಲಿ ದಾಟಿದರೆ ತೆಲಂಗಾಣದಲ್ಲಿ ಅದೇ ಜನ ಪರಿಶಿಷ್ಟ ಪಂಗಡ. ಅರಣ್ಯ ಹಕ್ಕು ಕಾಯಿದೆಯಲ್ಲಿ ಈ ಭೇದ ನಿರ್ಣಾಯಕ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನಲ್ಲಿ ವಾಸವಾಗಿ ಅದನ್ನು ಅವಲಂಬಿಸಿದ್ದುದನ್ನು ತೋರಿಸಿದರೆ ಸಾಕು. ಉಳಿದವರು 'ಇತರ ಪಾರಂಪರಿಕ ಅರಣ್ಯವಾಸಿಗಳು' ಎನಿಸಿಕೊಂಡು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ಲೆಕ್ಕ ಹಾಕಿದರೆ 1930. ಆಗ ಈ ಗುಡ್ಡಗಳು ನಿಜಾಮರ ಆಡಳಿತದಲ್ಲಿದ್ದವು, ಸರ್ಕಾರಿ ಕಾಗದಗಳ ಭಾಷೆ ಉರ್ದು. ಈ ರಾಜ್ಯದ ಗಡಿ ಬಿದ್ದದ್ದು 1956ರ ನವೆಂಬರ್ 1ರಂದು. ಯಾರೂ ಕೇಳದೆ ಎಳೆದ ಗೆರೆಯ ಈಚೆ ಉಳಿದ ಅಕ್ಕ 75 ವರ್ಷದ ಸಾಕ್ಷ್ಯ ಹುಡುಕಬೇಕು, ಆಚೆಗೆ ಮದುವೆಯಾಗಿ ಹೋದ ತಂಗಿಯ ಮನೆಗೆ ಆ ಹೊರೆಯಿಲ್ಲ. ಮೂರು ತಲೆಮಾರಿನ ಸಾಕ್ಷ್ಯವೆಂದರೆ ವಾಡಿಕೆಯಲ್ಲಿ ಗಂಡನ ತಂದೆ, ತಾತಂದಿರ ಹೆಸರಿನ ಸರಣಿ. ವಿಧವೆಯೊಬ್ಬಳು ಅರ್ಜಿ ಹಾಕಹೊರಟರೆ ಆ ಸರಣಿಯ ಕಾಗದಗಳು ಇರುವುದು ಹೆಚ್ಚಾಗಿ ಭಾವ ಮೈದುನರ ಪೆಟ್ಟಿಗೆಯಲ್ಲಿ.

ಇದೇ ಗಡಿ ಇನ್ನೊಂದು ವಿಷಯದಲ್ಲಿ ತಿರುಗುಮುರುಗಾಗಿ ನಿಲ್ಲುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಕೊಟ್ಟು ಕರ್ನಾಟಕ 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು, 2005ರ ಕೇಂದ್ರ ತಿದ್ದುಪಡಿ ಆ ಅಡ್ಡಿಯನ್ನು ತೆಗೆಯಿತು. ಈಚೆಯ ಅಕ್ಕನಿಗೆ ಈ ಹಕ್ಕು ಇದೆ. ಪರಿಶಿಷ್ಟ ಪಂಗಡದವರಿಗೆ ಮಾತ್ರ ಆ ಕಾಯಿದೆ ತಾನಾಗಿ ಅನ್ವಯಿಸದಾದ್ದರಿಂದ ಆಚೆಯ ತಂಗಿ ರೂಢಿಯ ಕೈಯಲ್ಲಿ ಉಳಿದಳು. 2025ರ ಜುಲೈ 17ರಂದು ಛತ್ತೀಸಗಢದ ಗೊಂಡ ಕುಟುಂಬವೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಹೆಣ್ಣಿಗೆ ಪಾಲಿಲ್ಲವೆನ್ನುವ ರೂಢಿ ರುಜುವಾತಾಗದಿರುವಾಗ ಅವಳಿಗೆ ಪಾಲು ನಿರಾಕರಿಸುವುದು ಸಂವಿಧಾನದ ಸಮಾನತೆಗೆ ವಿರುದ್ಧವೆಂದು ತೀರ್ಪಿತ್ತಿತು. ಒಂದೇ ಬುಡಕಟ್ಟಿನ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಕಾಡಿನ ಹಕ್ಕು ಸುಲಭ, ಇನ್ನೊಬ್ಬಳಿಗೆ ತವರಿನ ಹಕ್ಕು ಸುಲಭ. ಎರಡೂ ಸುಲಭವಾಗಿ ಸಿಕ್ಕವಳು ಗಡಿಯ ಯಾವ ಕಡೆಯೂ ಇಲ್ಲ.

ಇವೆಲ್ಲ ದೆಹಲಿಯಲ್ಲೋ ಬೆಂಗಳೂರಿನಲ್ಲೋ ಹುಟ್ಟಿದ ವಿಚಾರಗಳಷ್ಟೇ ಅಲ್ಲ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡಿನ ಮೊದಲ ವಿಧಿಯಲ್ಲಿ 'ಎಲ್ಲ ಪುರುಷರು' ಎಂಬರ್ಥದ ಮಾತಿದ್ದಾಗ ಅದನ್ನು 'ಎಲ್ಲ ಮಾನವರು' ಎಂದು ಬದಲಿಸಲು ಹಟ ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹತಾ. 1979ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಹಿಳಾ ತಾರತಮ್ಯ ನಿರ್ಮೂಲನ ಒಡಂಬಡಿಕೆ, ಅಂದರೆ 'ಸೀಡಾ', ತನ್ನ 14ನೆಯ ವಿಧಿಯನ್ನು ಸಂಪೂರ್ಣವಾಗಿ ಗ್ರಾಮೀಣ ಮಹಿಳೆಯರಿಗೆ ಮೀಸಲಿಟ್ಟಿದೆ. ಅಭಿವೃದ್ಧಿ ಯೋಜನೆಯನ್ನು ರೂಪಿಸುವುದರಲ್ಲಿ ಪಾಲು, ಕೃಷಿ ಸಾಲ, ಭೂಸುಧಾರಣೆಯಲ್ಲಿ ಸಮಾನ ಸ್ಥಾನ ಇವೆಲ್ಲ ಅಲ್ಲಿವೆ. ಭಾರತ ಅದನ್ನು 1993ರ ಜುಲೈ 9ರಂದು ಅನುಮೋದಿಸಿತು, ಸಮುದಾಯಗಳ ಒಪ್ಪಿಗೆಯಿಲ್ಲದೆ ಅವುಗಳ ಆಂತರಿಕ ವಿಷಯಗಳಲ್ಲಿ ಕೈಹಾಕುವುದಿಲ್ಲವೆಂಬ ಘೋಷಣೆಯನ್ನೂ ಜೊತೆಗಿಟ್ಟಿತು. 'ಸಮುದಾಯದ ಒಪ್ಪಿಗೆ' ಎಂದರೆ ಸಮುದಾಯದ ಗಂಡಸರ ಒಪ್ಪಿಗೆ ಎಂದೇ ಇದುವರೆಗೆ ಓದಲಾಗಿದೆ. ಆದರೂ ಒಡಂಬಡಿಕೆ ಬರಿಯ ಕಾಗದವಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ದೇಶದಲ್ಲಿ ಕಾನೂನೇ ಇರದಿದ್ದಾಗ 1997ರ ವಿಶಾಖಾ ತೀರ್ಪು ಆಧರಿಸಿದ್ದು ಇದನ್ನೇ.

ಪರಿಸರ ಚಳವಳಿಗೂ ಇಲ್ಲಿ ಉತ್ತರ ಹೇಳಬೇಕಾದ ಪ್ರಶ್ನೆಯಿದೆ. 1974ರಲ್ಲಿ ರೇಣಿಯ ಗೌರಾದೇವಿ ಮತ್ತು ಸಂಗಡಿಗರು ಮರಗಳನ್ನು ಉಳಿಸಿದ ಕಥೆಯನ್ನು ಹೇಳದ ಪರಿಸರ ಸಭೆಯಿಲ್ಲ. ಮರವನ್ನು ತಬ್ಬಿದ ಹೆಂಗಸಿನ ಚಿತ್ರ ಭಿತ್ತಿಪತ್ರಗಳಿಗೆ ಬಲು ಒಪ್ಪುತ್ತದೆ. ಅದೇ ಹೆಂಗಸು ಅಭಯಾರಣ್ಯದೊಳಗೆ ಹೊರೆ ಕಟ್ಟಿಗೆಯೊಡನೆ ಸಿಕ್ಕಿಬಿದ್ದರೆ ಅವಳ ಪರವಾಗಿ ನಿಲ್ಲುವವರು ಕಡಿಮೆ. ಸ್ಥಳಾಂತರದ ಮಾತು ಬಂದ ದಿನ ಹಕ್ಕುಪತ್ರದಲ್ಲಿ ಹೆಸರಿಲ್ಲದವಳು ಎಣಿಕೆಗೂ ಸಿಗಲಾರಳು. ತಿರಸ್ಕೃತ ಅರ್ಜಿದಾರರನ್ನು ಒಕ್ಕಲೆಬ್ಬಿಸಲು 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟು ಆದೇಶಿಸಿ, ಅದೇ ತಿಂಗಳ 28ರಂದು ತಾನೇ ತಡೆಹಿಡಿದದ್ದನ್ನು ನೆನೆದರೆ ಈ ಆತಂಕ ಉತ್ಪ್ರೇಕ್ಷೆಯಲ್ಲ.

ನಿಯಮಗಳ 13ನೆಯ ನಿಯಮ ಒಂದು ದಾರಿಯನ್ನು ತೆರೆದಿಟ್ಟಿದೆ. ಹಳೆಯ ಬಾವಿ, ಸಮಾಧಿ, ದೇವರ ಕಟ್ಟೆಗಳಂಥ ಗುರುತುಗಳೂ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದಿಟ್ಟ ಕಾಗದವೂ ಸಾಕ್ಷ್ಯವಾಗುತ್ತವೆ. ಉರ್ದು ದಾಖಲೆ ಸಿಗಲಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಹಿರಿಯರು ಎಂದರೆ ಮುದುಕರು ಮಾತ್ರ ಎಂದು ನಿಯಮ ಹೇಳಿಲ್ಲ. ಯಾವ ಬಾವಿಯನ್ನು ಯಾರು ತೋಡಿದರು, ಯಾವ ಬರಗಾಲದಲ್ಲಿ ತಾಂಡಾ ಎಲ್ಲಿಗೆ ಸರಿಯಿತು ಎಂಬುದನ್ನು ಅತ್ತೆಯಿಂದ ಕೇಳಿ ಇಟ್ಟುಕೊಂಡ ಅಜ್ಜಿಯರು ಇನ್ನೂ ಇದ್ದಾರೆ. ಸೇಡಂ, ಚಿಂಚೋಳಿ, ಚಿತ್ತಾಪುರಗಳ ಕಾಲೇಜುಗಳಲ್ಲಿ ಓದುತ್ತಿರುವ ತಾಂಡಾದ ಮಕ್ಕಳು ಈ ಬೇಸಿಗೆಯ ರಜೆಯಲ್ಲಿ ಅವರ ಮುಂದೆ ಕೂತು, ಅವರು ಗೋರಬೋಲಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಪಡೆದು ಅರಣ್ಯ ಹಕ್ಕು ಸಮಿತಿಗೆ ಸಲ್ಲಿಸಬೇಕು. ಅರ್ಜಿಯ ನಮೂನೆಯಲ್ಲಿ ಅರ್ಜಿದಾರನ ಹೆಸರಿನ ಕೆಳಗೇ ಸಂಗಾತಿಯ ಹೆಸರಿಗೆ ಜಾಗವಿದೆ. ಅದು ತುಂಬಿದೆಯೇ ಎಂಬುದನ್ನೂ ಅದೇ ದಿನ ನೋಡಿಕೊಳ್ಳಬೇಕು.