ದುರ್ವಾಸನೆ ಮರದ ಕಷಾಯ ಕುಡಿಸಬೇಡಿ ಸ್ವಾಮಿ

"ನಮ್ಮ ಘಟ್ಟದ ದುರ್ವಾಸನೆ ಮರದ ಚಕ್ಕೆ ಕುದಿಸಿ ಕುಡಿದರೆ ಕ್ಯಾನ್ಸರ್ ಮಾಯ, ಔಷಧಿ ಕಂಪನಿಯವರು ಇದನ್ನು ಮುಚ್ಚಿಟ್ಟಿದ್ದಾರೆ!" ಅಂತ ಹೇಳಿಕೊಂಡು ತಿರುಗೋ ಮಹಾನುಭಾವರಿಗೆ ನನ್ನದೊಂದು ಪ್ರಶ್ನೆ. ಮುಚ್ಚಿಟ್ಟಿದ್ದು ಏನನ್ನ?

ಕ್ಯಾಂಪ್ಟೋಥೆಸಿನ್ ಅನ್ನೋ ಆ ರಾಸಾಯನಿಕವನ್ನ ಅಮೆರಿಕದ ಮನ್ರೋ ವಾಲ್ ಮತ್ತು ನಂದುರ್ಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾನಿ 1966ರಲ್ಲೇ ಪ್ರಕಟಿಸಿದ್ದರು. ಅವರಿಗೆ ಸಿಕ್ಕಿದ್ದು ಚೀನಾದ ಒಂದು ಮರದಲ್ಲಿ. ನಮ್ಮ ಮರದಲ್ಲೂ ಅದು ಇದೆ ಅಂತ 1972ರಲ್ಲಿ ತೋರಿಸಿದ್ದು ಗೋವಿಂದಾಚಾರಿ ಮತ್ತು ವಿಶ್ವನಾಥನ್. ಎಲ್ಲ ಅಚ್ಚಾಗಿದೆ, ಓದೋರು ಬೇಕಷ್ಟೆ.

ಓದಿದ್ದರೆ ಮುಂದಿನದೂ ಗೊತ್ತಿರುತ್ತಿತ್ತು. 1970ರ ದಶಕದ ಶುರುವಿನಲ್ಲಿ ಇದನ್ನ ರೋಗಿಗಳಿಗೆ ಕೊಟ್ಟು ನೋಡಿದರು. ಮೂತ್ರಕೋಶದಲ್ಲಿ ರಕ್ತಸ್ರಾವ, ವಿಪರೀತ ಭೇದಿ, ಅಸ್ಥಿಮಜ್ಜೆ ಕುಸಿತ... ಪ್ರಯೋಗ ನಿಲ್ಲಿಸಬೇಕಾಯ್ತು. ಯಾಕೆ ಅಂತ 1985ರ ಹೊತ್ತಿಗೆ ತಿಳೀತು. ಜೀವಕೋಶ ತನ್ನ ಡಿಎನ್ಎ ನಕಲು ಮಾಡುವಾಗ ಹುರಿ ಸಡಿಲಿಸೋಕೆ ಟೋಪೋಐಸೋಮರೇಸ್-1 ಅನ್ನೋ ಕಿಣ್ವ ಒಂದು ಎಳೆ ಕತ್ತರಿಸಿ ಮತ್ತೆ ಬೆಸೆಯುತ್ತೆ. ಈ ವಸ್ತು ಬೆಸೆಯೋಕೆ ಬಿಡಲ್ಲ. ಕೋಶ ಸಾಯುತ್ತೆ. ಕ್ಯಾನ್ಸರ್ ಕೋಶ ಮಾತ್ರ ಅಲ್ಲ ಸ್ವಾಮಿ, ಬೇಗ ಬೇಗ ಒಡೆದು ಬೆಳೆಯೋ ಕರುಳಿನ ಒಳಪದರ, ಮಜ್ಜೆಯ ಕೋಶಗಳೂ! ಅದಕ್ಕೇ ರಸಾಯನಶಾಸ್ತ್ರಜ್ಞರು ಅಣುವನ್ನೇ ತಿದ್ದಿ ಟೋಪೋಟಿಕಾನ್, ಇರಿನೋಟಿಕಾನ್ ಮಾಡಿದ್ದು. 1996ರಲ್ಲಿ ಅಮೆರಿಕದಲ್ಲಿ ಎರಡಕ್ಕೂ ಅನುಮತಿ ಸಿಕ್ಕಿತು. ಅವನ್ನೂ ರಕ್ತ ಪರೀಕ್ಷೆ ಮಾಡಿಸುತ್ತಾ, ಅಳೆದು ಕೊಡ್ತಾರೆ. ನಿಮ್ಮ ಕಷಾಯದ ಲೋಟದಲ್ಲಿ ಎಷ್ಟು ಮಿಲಿಗ್ರಾಂ ಇದೆ, ಹೇಳಿ ನೋಡೋಣ? ಮರದಿಂದ ಮರಕ್ಕೇ ಪ್ರಮಾಣ ಬದಲಾಗುತ್ತೆ.

"ನೈಸರ್ಗಿಕ, ಹಾಗಾಗಿ ಅಪಾಯವಿಲ್ಲ" ಅನ್ನೋರಿಗೆ ಕಾಸರಕದ ಬೀಜ ನೆನಪಿಸಿದರೆ ಸಾಕು.

ಇನ್ನೊಂದು ಸಿಟ್ಟು ಮರದ ಬಗ್ಗೆ. ಹೂ ಬಿಟ್ಟಾಗ ಗಬ್ಬು ನಾರುತ್ತೆ ಅಂತ ಯಾರೂ ಹತ್ತಿರ ಹೋಗದಿದ್ದ ಮರ ಇದು. ಬೆಲೆ ಬಂದದ್ದೇ ತಡ, ಪಶ್ಚಿಮ ಘಟ್ಟದಲ್ಲಿ ಬುಡಕ್ಕೇ ಕೊಡಲಿ ಬಿತ್ತು. ಚಕ್ಕೆ ಮಾಡಿ ಸಾಗಿಸೋರು ಒಂದು ಕಡೆ, ಈಗ ಮನೆಮದ್ದಿನ ಪ್ರಚಾರಕರು ಇನ್ನೊಂದು ಕಡೆ. ಕೊಂಬೆ ಮಾತ್ರ ಕಡಿದರೆ ಮತ್ತೆ ಚಿಗುರೋ ಮರ. ತೋಟದಲ್ಲಿ ಬೆಳೆಸಬಹುದು. ಅಷ್ಟು ತಾಳ್ಮೆ ಯಾರಿಗಿದೆ? ಕಾಡಲ್ಲಿ ಪುಕ್ಕಟೆ ಸಿಗುತ್ತಲ್ಲ!

ಮನೆಯಲ್ಲಿ ಕಾಯಿಲೆಯವರಿದ್ದರೆ, ಚಕ್ಕೆ ತಂದುಕೊಟ್ಟವರ ಹೆಸರನ್ನ ಮೊದಲು ನಿಮ್ಮ ಡಾಕ್ಟರಿಗೆ ಹೇಳಿ.